ಅಪ್ಪನ ಅನ್ನನಾಳದ ಗಂಟು ಮಗಳಿಗೂ ಬರುವುದೇ?

ಕೆ.ಆರ್. ಪೇಟೆ ಕಡೆಯ ಒಂದು ಮನೆ ಎಂದಿಟ್ಟುಕೊಳ್ಳಿ. ಮನೆಯ ಯಜಮಾನರಿಗೆ ಐವತ್ತೆಂಟು ವರ್ಷ. ಆರು ತಿಂಗಳ ಹಿಂದೆ ಒಂದು ಮಧ್ಯಾಹ್ನ ಉಣ್ಣುವಾಗ ಮುದ್ದೆಯ ತುತ್ತು ಎದೆಯ ನಡುವೆ ನಿಂತಂತಾಯಿತು. ಒಂದು ಲೋಟ ನೀರು ಕುಡಿದರು, ಇಳಿಯಿತು. ಮಾರನೆಯ ದಿನದಿಂದ ತುತ್ತನ್ನು ಚಿಕ್ಕದು ಮಾಡಿಕೊಂಡರು. ತಿಂಗಳೆರಡು ತಿಂಗಳಲ್ಲಿ ಮುದ್ದೆ ಬಿಟ್ಟು ಅನ್ನಕ್ಕೆ ಬಂದರು, ಅನ್ನದಿಂದ ಗಂಜಿಗೆ ಬಂದರು. 'ಗ್ಯಾಸ್ಟ್ರಿಕ್ಕು' ಎಂದು ಅಂಗಡಿಯಿಂದ ಮಾತ್ರೆ ತರಿಸಿ ನುಂಗಿದರು. ಅಂಗಿ ಜೋಲುವಷ್ಟು ಸೊರಗಿದ ಮೇಲೆ ಮಗ ಬಲವಂತದಿಂದ ಆಸ್ಪತ್ರೆಗೆ ಕರೆದುಕೊಂಡು ಹೋದ. ಪರೀಕ್ಷೆಯಾಯಿತು. ಅನ್ನನಾಳದ ಕ್ಯಾನ್ಸರ್.

ಆ ಮನೆಯ ತಾಯಿ ವೈದ್ಯರನ್ನು ಪಕ್ಕಕ್ಕೆ ಕರೆದು ಕೇಳುವ ಮೊದಲ ಮಾತು ಏನಿರುತ್ತದೆ ಗೊತ್ತೇ? "ಯಾರಿಗೂ ಹೇಳ್ಬೇಡಿ ಸ್ವಾಮಿ. ಮಗಳಿಗೆ ಗಂಡು ನೋಡ್ತಾ ಇದೀವಿ. ವಂಶದ ಕಾಯ್ಲೆ ಅಂತ ಗೊತ್ತಾದ್ರೆ ಯಾರು ಮಾಡ್ಕೋತಾರೆ?"

ಈ ಮನೆ ಶ್ರೀರಂಗಪಟ್ಟಣದಲ್ಲಿ ಇರಬಹುದು, ಪಾಂಡವಪುರದಲ್ಲಿ ಇರಬಹುದು, ನಾಗಮಂಗಲದಲ್ಲೂ ಇರಬಹುದು. ಕಾಲುವೆ ನೀರಿನ ಊರಾಗಲಿ, ಮಳೆಯನ್ನೇ ನೆಚ್ಚಿದ ಊರಾಗಲಿ, ತಾಯಿಯ ಈ ಮಾತು ಒಂದೇ. ಕಾಯಿಲೆಗಿಂತ ಕಾಯಿಲೆಯ ಸುದ್ದಿಗೆ ಹೆದರಿ ಜನ ಸುಮ್ಮನಿರುತ್ತಾರೆ. ಸುಮ್ಮನಿದ್ದಷ್ಟೂ ದಿನ ಗಂಟು ಬೆಳೆಯುತ್ತದೆ. ಆದ್ದರಿಂದ ಈ ವಾರ ಆ ತಾಯಿಯ ಪ್ರಶ್ನೆಗೆ ಉತ್ತರ ಹುಡುಕೋಣ.

ಹೆಸರು ತಂದ ಗೊಂದಲ

ಕ್ಯಾನ್ಸರ್ ಎಂಬುದು ವಂಶವಾಹಿಗಳ ಕಾಯಿಲೆ ಎಂದು ನೀವು ಓದಿರುತ್ತೀರಿ. ಈ ಮಾತು ನಿಜ. ಗೊಂದಲ ಹುಟ್ಟುವುದು 'ವಂಶವಾಹಿ' ಎಂಬ ಪದದಿಂದ. ಇಂಗ್ಲಿಷಿನವರು ಜೀನ್ ಎಂದು ಕರೆದದ್ದನ್ನು ನಾವು ಕನ್ನಡದಲ್ಲಿ ವಂಶವಾಹಿ ಎಂದೆವು. ಹೆಸರಿನಲ್ಲೇ ವಂಶ ಸೇರಿಕೊಂಡಿತು. ವಂಶವಾಹಿ ಕೆಟ್ಟಿದೆ ಎಂದ ಕೂಡಲೇ ವಂಶವೇ ಕೆಟ್ಟಿದೆ ಎಂದು ಕೇಳಿದವರು ತಿಳಿಯುವುದು ಸಹಜ. ಆದರೆ ಇವೆರಡೂ ಬೇರೆ ಬೇರೆ ಸಂಗತಿಗಳು.

ನಮ್ಮ ದೇಹದಲ್ಲಿ ಸುಮಾರು ಮೂವತ್ತು ಲಕ್ಷ ಕೋಟಿ ಜೀವಕೋಶಗಳಿವೆ. ಬಹುತೇಕ ಎಲ್ಲ ಜೀವಕೋಶಗಳ ನಡುವೆಯೂ ಡಿ.ಎನ್.ಎ. ಎಂಬ ಉದ್ದನೆಯ ಎಳೆ 23 ಜೊತೆ ವರ್ಣತಂತುಗಳಾಗಿ ಸುತ್ತಿಕೊಂಡಿದೆ. ಅದರಲ್ಲಿ ಸುಮಾರು 300 ಕೋಟಿ ಅಕ್ಷರಗಳ ಬರಹವಿದೆ. ಈ ಬರಹದಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಆದೇಶ. ಅಂಥ ಒಂದು ಆದೇಶವೇ ಒಂದು ವಂಶವಾಹಿ. ಮನುಷ್ಯನಲ್ಲಿ ಇವು ಸುಮಾರು 20 ಸಾವಿರ.

ಒಂದು ಜೀವಕೋಶ ಎರಡಾಗುವಾಗ ಈ ಇಡೀ ಬರಹವನ್ನು ನಕಲು ಮಾಡಬೇಕು. ಪಹಣಿಯನ್ನು ಕೈಯಲ್ಲೇ ಬರೆಯುತ್ತಿದ್ದ ಕಾಲವನ್ನು ನೆನಪಿಸಿಕೊಳ್ಳಿ. ಶಾನುಭೋಗರು ಎಷ್ಟೇ ಜಾಗರೂಕರಾಗಿದ್ದರೂ ವರ್ಷಗಳ ನಕಲಿನಲ್ಲಿ ಎಲ್ಲೋ ಒಂದು ಸರ್ವೆ ನಂಬರಿನ ಅಂಕಿ ತಪ್ಪುತ್ತಿತ್ತು. ಜೀವಕೋಶದಲ್ಲೂ ಹಾಗೆಯೇ. ಅಕ್ಷರವೊಂದು ಬದಲಾಗುವುದು, ಸಾಲೊಂದು ಬಿಟ್ಟುಹೋಗುವುದು, ಪುಟವೊಂದು ಎರಡು ಬಾರಿ ಸೇರುವುದು, ಇವನ್ನೆಲ್ಲ 'ಉತ್ಪರಿವರ್ತನೆ' ಎನ್ನುತ್ತಾರೆ. ಹೆಚ್ಚಿನ ತಪ್ಪುಗಳಿಂದ ಏನೂ ಆಗದು. ಕೆಲವು ತಪ್ಪುಗಳು ಮಾತ್ರ ಬಹಳ ದುಬಾರಿ.

ನೀರುಗಂಟಿ ಇಲ್ಲದ ತೂಬು

ಅನ್ನನಾಳ ಎಂದರೆ ಗಂಟಲಿನಿಂದ ಜಠರದವರೆಗೆ ಸುಮಾರು 25 ಸೆಂಟಿಮೀಟರ್ ಉದ್ದದ ಕೊಳವೆ. ಅನ್ನ, ಮುದ್ದೆ, ಕಾಫಿ, ಸಾರಾಯಿ, ತಾಂಬೂಲದ ರಸ ಎಲ್ಲವೂ ಇಳಿಯುವ ದಾರಿ ಇದೇ. ಉಜ್ಜಾಟಕ್ಕೆ ಸಿಕ್ಕುವ ಒಳಪದರ ಸದಾ ಸವೆಯುತ್ತದೆ, ಅಡಿಯಿಂದ ಹೊಸ ಜೀವಕೋಶಗಳು ಹುಟ್ಟಿ ಅದನ್ನು ತುಂಬುತ್ತವೆ. ಜಠರದ ಒಳಪದರವೂ ಹೀಗೆಯೇ ಹೊಸದಾಗುತ್ತಿರುತ್ತದೆ. ನಕಲು ಹೆಚ್ಚಾದಲ್ಲಿ ತಪ್ಪಿಗೂ ಅವಕಾಶ ಹೆಚ್ಚು.

ಈ ಬೆಳವಣಿಗೆ ಎಷ್ಟು ಬೇಕೋ ಅಷ್ಟೇ ಆಗುವಂತೆ ನೋಡಿಕೊಳ್ಳುವ ವಂಶವಾಹಿಗಳಿವೆ. ಕೆರೆಯ ತೂಬನ್ನು ನೆನೆಯಿರಿ. ಗದ್ದೆಗೆ ನೀರು ಬೇಕಾದಾಗ ತೂಬು ಎತ್ತುವವನೂ ಸಾಕಾದಾಗ ಮುಚ್ಚುವವನೂ ನೀರುಗಂಟಿ. ಎತ್ತಿದ ತೂಬು ಸಿಕ್ಕಿಹಾಕಿಕೊಂಡರೂ ಗದ್ದೆ ಕೊಚ್ಚಿಹೋಗುತ್ತದೆ, ನೀರುಗಂಟಿಯೇ ಇಲ್ಲವಾದರೂ ಕೊಚ್ಚಿಹೋಗುತ್ತದೆ.

ಜೀವಕೋಶದ ನೀರುಗಂಟಿಗಳಲ್ಲಿ ಹೆಸರಾದದ್ದು ಪಿ-53. ಇದನ್ನು 1979ರಲ್ಲಿ ಗುರುತಿಸಿದರು. ಇದರ ಆದೇಶ 17ನೆಯ ವರ್ಣತಂತುವಿನಲ್ಲಿದೆ. ನಕಲಿನಲ್ಲಿ ತಪ್ಪು ಕಂಡರೆ ಪಿ-53 ಕೋಶದ ವಿಭಜನೆಯನ್ನು ನಿಲ್ಲಿಸುತ್ತದೆ, ತಿದ್ದಲು ಸಮಯ ಕೊಡುತ್ತದೆ. ತಿದ್ದಲಾಗದಷ್ಟು ಕೆಟ್ಟಿದ್ದರೆ ಆ ಕೋಶ ತಾನಾಗಿ ಸಾಯುವಂತೆ ಮಾಡುತ್ತದೆ. ಅನ್ನನಾಳದ ಕ್ಯಾನ್ಸರ್‌ಗಳಲ್ಲಿ ಬಹುಪಾಲಿನಲ್ಲಿ ಈ ಪಿ-53 ಕೆಟ್ಟಿರುವುದು ಕಂಡುಬಂದಿದೆ. ಜಠರದ ಕೆಲವು ಕ್ಯಾನ್ಸರ್‌ಗಳಲ್ಲಿ ಇನ್ನೊಂದು ಬಗೆಯ ತೊಂದರೆ ಇರುತ್ತದೆ. ಅಲ್ಲಿ 'ಹರ್-2' ಎಂಬ ವಂಶವಾಹಿಯ ಪ್ರತಿಗಳು ಹೆಚ್ಚಾಗಿ, 'ಬೆಳೆ, ಬೆಳೆ' ಎಂಬ ಆದೇಶ ನಿಲ್ಲುವುದೇ ಇಲ್ಲ. ಎತ್ತಿದ ತೂಬು ಸಿಕ್ಕಿಹಾಕಿಕೊಂಡ ಹಾಗೆ.

ಒಂದೇ ತಪ್ಪಿನಿಂದ ಕ್ಯಾನ್ಸರ್ ಹುಟ್ಟುವುದಿಲ್ಲ. ಹಲವು ತಪ್ಪುಗಳು ಒಂದೇ ಕೋಶದ ಸಂತತಿಯಲ್ಲಿ ಒಂದರ ಮೇಲೊಂದು ಸೇರಬೇಕು. ಇದಕ್ಕೆ ಹತ್ತಿಪ್ಪತ್ತು ವರ್ಷಗಳೇ ಬೇಕಾಗಬಹುದು. 2018ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಕ್ಯಾನ್ಸರ್ ಇಲ್ಲದವರ ಅನ್ನನಾಳವನ್ನು ಪರೀಕ್ಷಿಸಿ ಅಚ್ಚರಿಯ ವಿಷಯ ಕಂಡುಕೊಂಡರು. ನಡುವಯಸ್ಸು ದಾಟುವ ಹೊತ್ತಿಗೆ ಆರೋಗ್ಯವಂತರ ಅನ್ನನಾಳದಲ್ಲೂ ಒಳಪದರದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಒಂದಲ್ಲ ಒಂದು ತಪ್ಪು ಹೊತ್ತ ಕೋಶಗಳೇ ಆವರಿಸಿರುತ್ತವೆ. ಅಂದರೆ ತಪ್ಪು ಎಲ್ಲರಲ್ಲೂ ಆಗುತ್ತದೆ. ಅದಕ್ಕೆ ಮೇಲಿಂದ ಮೇಲೆ ಹೊಸ ತಪ್ಪುಗಳನ್ನು ಸೇರಿಸುತ್ತಾ ಹೋದವರಲ್ಲಿ ಅಪಾಯ ಹೆಚ್ಚು.

ಅಕ್ಷರ ಕೆಡಿಸುವವರು ಯಾರು?

ಮೊದಲನೆಯದು ತಂಬಾಕು. ಬೀಡಿ, ಸಿಗರೇಟು, ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ ಯಾವ ರೂಪದಲ್ಲಾದರೂ ಅದರಲ್ಲಿರುವ ರಾಸಾಯನಿಕಗಳು ನೇರವಾಗಿ ಡಿ.ಎನ್.ಎ.ಗೆ ಅಂಟಿಕೊಂಡು ಅಕ್ಷರ ಬದಲಾಯಿಸುತ್ತವೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಎಣಿಸಿಯೇ ತೋರಿಸಿತು. ದಿನಕ್ಕೊಂದು ಪ್ಯಾಕ್‌ನಂತೆ ಒಂದು ವರ್ಷ ಸಿಗರೇಟು ಸೇದಿದರೆ ಶ್ವಾಸಕೋಶದ ಪ್ರತಿ ಜೀವಕೋಶದಲ್ಲಿ ಸರಾಸರಿ 150, ಧ್ವನಿಪೆಟ್ಟಿಗೆಯಲ್ಲಿ 97, ಗಂಟಲಿನಲ್ಲಿ 39, ಬಾಯಿಯಲ್ಲಿ 23 ಹೊಸ ತಪ್ಪುಗಳು ಸೇರುತ್ತವೆ. ಇದು ಒಂದು ವರ್ಷದ ಲೆಕ್ಕ. ಇಪ್ಪತ್ತು ವರ್ಷದ ಲೆಕ್ಕವನ್ನು ನೀವೇ ಹಾಕಿ.

ಎರಡನೆಯದು ಮದ್ಯ. ಹೊಟ್ಟೆಗೆ ಹೋದ ಮದ್ಯ ಅಸಿಟಾಲ್ಡಿಹೈಡ್ ಎಂಬ ವಸ್ತುವಾಗಿ ಬದಲಾಗುತ್ತದೆ. ಇದೂ ಡಿ.ಎನ್.ಎ.ಯನ್ನು ಕೆಡಿಸುವಂಥದ್ದು. ಬೀಡಿಯೂ ಮದ್ಯವೂ ಜೊತೆಯಾದರೆ ಅನ್ನನಾಳಕ್ಕೆ ಆಗುವ ಅಪಾಯ ಎರಡನ್ನೂ ಕೂಡಿಸಿದ್ದಕ್ಕಿಂತ ಹೆಚ್ಚು.

ಮೂರನೆಯದನ್ನು ಹೇಳಿದರೆ ಕೆಲವರಿಗೆ ಬೇಸರವಾಗಬಹುದು. ಅದು ಎಲೆಅಡಿಕೆ. ಹೊಗೆಸೊಪ್ಪು ಬೆರೆಸಿದ್ದಷ್ಟೇ ಕೆಟ್ಟದ್ದು, ಬರಿಯ ಅಡಿಕೆಯಿಂದ ಏನೂ ಆಗದು ಎಂಬ ನಂಬಿಕೆ ನಮ್ಮಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಮದುವೆ ಮನೆಯಲ್ಲಿ ಹಾಕಿಕೊಂಡ ಒಂದು ತಾಂಬೂಲದ ಮಾತಲ್ಲ ಇದು. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ, ಕೆಲವರು ಮಲಗಿದ ಮೇಲೂ, ದವಡೆಯಲ್ಲಿ ಇಟ್ಟುಕೊಳ್ಳುವ ಉಂಡೆಯ ಮಾತು. ಕಳೆ ಕೀಳುವಾಗ, ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತಾಗ, ಹಸಿವು ಮರೆಯಲು ಹಾಕಿಕೊಳ್ಳುವ ಉಂಡೆ. ಹೆಂಗಸರೂ ಇದಕ್ಕೆ ಹೊರತಲ್ಲ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು ನಿಜ. ಆದರೆ ಪಾನ್ ಮಸಾಲೆ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದು ಪೊಟ್ಟಣದಲ್ಲಿ ಮಾರಾಟವಾದರೆ ಬಾಯಿಗೆ ಹೋಗುವುದು ಅದೇ ಗುಟ್ಕಾ ತಾನೇ?

ಇದು ಹೊರದೇಶದ ಪುಸ್ತಕದ ಮಾತಲ್ಲ. ಬೆಂಗಳೂರಿನ ಕಿದ್ವಾಯಿ ಗಂಥಿ ಸಂಸ್ಥೆ 1980ರ ದಶಕದ ಆರಂಭದಿಂದ ಕ್ಯಾನ್ಸರ್ ರೋಗಿಗಳ ನೋಂದಣಿ ನಡೆಸುತ್ತಿದೆ. ಅನ್ನನಾಳ ಮತ್ತು ಜಠರದ ಕ್ಯಾನ್ಸರ್‌ಗಳು ಅಲ್ಲಿನ ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲೇ ಕಾಣುತ್ತಾ ಬಂದಿವೆ. ಆ ನೋಂದಣಿಯ ಆಧಾರದ ಮೇಲೆ 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ಅನ್ನನಾಳದ ಕ್ಯಾನ್ಸರ್ ಆದವರನ್ನು ಆಗದವರೊಂದಿಗೆ ಹೋಲಿಸಿ ನೋಡಿದಾಗ ಜಗಿಯುವ ಚಟ, ಬೀಡಿ ಮತ್ತು ಮದ್ಯಗಳೇ ಎದ್ದು ಕಂಡವು. ಮುದ್ದೆ ಉಣ್ಣುವವರಿಗೆ ಒಂದು ಸಮಾಧಾನದ ಸುದ್ದಿಯೂ ಉಂಟು. ಬಾಯಿಯ ಕ್ಯಾನ್ಸರ್ ಬಗ್ಗೆ ಅಲ್ಲಿಯೇ 1990ರಲ್ಲಿ ನಡೆದ ಅಂಥದೇ ಅಧ್ಯಯನದಲ್ಲಿ ರಾಗಿ ಉಣ್ಣುವವರಲ್ಲಿ ಅಪಾಯ ಕಡಿಮೆ ಇದ್ದಂತೆ ಕಂಡಿತ್ತು.

ಜಠರದ ವಿಷಯದಲ್ಲಿ ಇನ್ನೊಬ್ಬ ಆರೋಪಿ ಇದ್ದಾನೆ. ಅದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸೂಕ್ಷ್ಮಜೀವಿ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಎಂಬ ವೈದ್ಯರು 1984ರಲ್ಲಿ ಈ ಸೂಕ್ಷ್ಮಜೀವಿಯನ್ನು ಬೆಳೆಸಿದ ದ್ರಾವಣವನ್ನು ತಾವೇ ಕುಡಿದು, ಜಠರದ ಉರಿಯೂತಕ್ಕೆ ಇದೇ ಕಾರಣವೆಂದು ತೋರಿಸಿಕೊಟ್ಟರು. ಅವರಿಗೂ ಅವರ ಸಹೋದ್ಯೋಗಿ ರಾಬಿನ್ ವಾರೆನ್ ಅವರಿಗೂ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನಮ್ಮಲ್ಲಿ ಬಹಳ ಜನರ ಹೊಟ್ಟೆಯಲ್ಲಿ ಇದು ಇದೆ. ಅವರಲ್ಲಿ ಕ್ಯಾನ್ಸರ್ ಆಗುವುದು ಕೆಲವೇ ಮಂದಿಗೆ. ಬಹುಕಾಲದ ಉರಿಯೂತ ಒಳಪದರವನ್ನು ಮತ್ತೆ ಮತ್ತೆ ಸವೆಸಿ, ಮತ್ತೆ ಮತ್ತೆ ನಕಲು ಮಾಡಿಸಿ ತಪ್ಪಿಗೆ ದಾರಿ ಮಾಡುತ್ತದೆ.

ಎಲೆಯ ಹುಳು, ಬಿತ್ತನೆಯ ಕಾಳು

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಮೇಲೆ ಹೇಳಿದ ತಪ್ಪುಗಳೆಲ್ಲ ಆದದ್ದು ಎಲ್ಲಿ? ಅಪ್ಪನ ಅನ್ನನಾಳದ ಒಳಪದರದ ಒಂದು ಮೂಲೆಯಲ್ಲಿ. ಮಗಳು ಅಪ್ಪನಿಂದ ಪಡೆದದ್ದು ಯಾವುದನ್ನು? ವೀರ್ಯಾಣುವಿನಲ್ಲಿದ್ದ ಬರಹವನ್ನು. ಅನ್ನನಾಳದ ಕೋಶಕ್ಕೂ ವೀರ್ಯಾಣುವಿಗೂ ಕೊಡು ಕೊಳ್ಳುವ ಸಂಬಂಧವಿಲ್ಲ. ಮೇಲಾಗಿ ಮಗಳು ಹುಟ್ಟಿದ್ದು ಇಪ್ಪತ್ತೈದು ವರ್ಷದ ಹಿಂದೆ, ಗಂಟು ಕಾಣಿಸಿಕೊಂಡದ್ದು ಈಗ.

ಒಕ್ಕಲುತನದ ಮಾತಿನಲ್ಲೇ ಹೇಳುವುದಾದರೆ, ಹೊಲದಲ್ಲಿ ನಿಂತ ಪೈರಿನ ಎಲೆಗೆ ಹುಳು ಬಿದ್ದರೆ ಎಲೆ ತೂತಾಗುತ್ತದೆ. ಹಿಂದಿನ ವರ್ಷವೇ ಬಿತ್ತನೆಗೆಂದು ತೆಗೆದಿಟ್ಟ ಕಾಳಿಗೆ ಆ ತೂತು ಹೋಗುವುದಿಲ್ಲ. ಅನ್ನನಾಳದ ಕ್ಯಾನ್ಸರ್‌ನಲ್ಲಿ ಬಹುಪಾಲು ಎಲೆಯ ಹುಳುವಿನ ಕಥೆಯೇ.

ಹಾಗಾದರೆ ಕೆಲವು ಮನೆಗಳಲ್ಲಿ ಅಪ್ಪನಿಗೂ ಚಿಕ್ಕಪ್ಪನಿಗೂ ಬಂದದ್ದನ್ನು ನೋಡಿದ್ದೇವಲ್ಲ ಎಂದು ನೀವು ಕೇಳಬಹುದು. ಒಂದೇ ಮನೆಯವರು ಹಂಚಿಕೊಳ್ಳುವುದು ರಕ್ತವನ್ನಷ್ಟೇ ಅಲ್ಲ. ಬೀಡಿ ಕಟ್ಟನ್ನು ಹಂಚಿಕೊಳ್ಳುತ್ತಾರೆ, ಎಲೆಅಡಿಕೆ ತಟ್ಟೆಯನ್ನು ಹಂಚಿಕೊಳ್ಳುತ್ತಾರೆ. ಚಿಕ್ಕಂದಿನಲ್ಲಿ ಮನೆಯೊಳಗೇ ಒಬ್ಬರಿಂದೊಬ್ಬರಿಗೆ ದಾಟುವ ಹೆಲಿಕೋಬ್ಯಾಕ್ಟರ್ ಅನ್ನೂ ಹಂಚಿಕೊಳ್ಳುತ್ತಾರೆ. ಜಠರದ ಕ್ಯಾನ್ಸರ್ ಆದವರ ಒಡಹುಟ್ಟಿದವರು ಮತ್ತು ಮಕ್ಕಳಲ್ಲಿ ಅಪಾಯ ಉಳಿದವರಿಗಿಂತ ಸ್ವಲ್ಪ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ. ಅಂಥವರು ವೈದ್ಯರನ್ನು ಕೇಳಿ ಈ ಸೂಕ್ಷ್ಮಜೀವಿಗೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಇದ್ದರೆ ಕೆಲವು ದಿನಗಳ ಮಾತ್ರೆಗಳಿಂದ ಅದನ್ನು ಹೋಗಲಾಡಿಸಬಹುದು.

ಇನ್ನೊಂದು ಮಾತು. ಕ್ಯಾನ್ಸರ್ ಅಂಟುಜಾಡ್ಯವಲ್ಲ. ರೋಗಿಯ ತಟ್ಟೆ ಲೋಟ ಬೇರೆ ಇಡುವುದು, ಮೊಮ್ಮಕ್ಕಳನ್ನು ಹತ್ತಿರ ಬಿಡದಿರುವುದು ಇವೆಲ್ಲ ಆ ಜೀವಕ್ಕೆ ಕೊಡುವ ಎರಡನೆಯ ನೋವು.

ನಿಜವಾಗಿ ವಂಶದಲ್ಲಿ ಬರುವಂಥದ್ದು

ಬಿತ್ತನೆಯ ಕಾಳಿನಲ್ಲೇ ದೋಷವಿರುವ ಮನೆತನಗಳು ಇಲ್ಲವೆಂದಲ್ಲ. ಬಹಳ ಅಪರೂಪ. ನ್ಯೂಜಿಲೆಂಡಿನ ಒಂದು ಮಾವೊರಿ ಕುಟುಂಬದಲ್ಲಿ ತಲೆಮಾರುಗಳಿಂದ ಅನೇಕರು, ಕಿರಿಯ ವಯಸ್ಸಿನವರೂ ಸಹ, ಜಠರದ ಕ್ಯಾನ್ಸರ್‌ನಿಂದ ತೀರಿಕೊಳ್ಳುತ್ತಿದ್ದರು. ಶಾಪವೆಂದು ಸುಮ್ಮನಿರದೆ ಆ ಕುಟುಂಬದವರು ವಿಜ್ಞಾನಿಗಳ ಜೊತೆ ಕೈಜೋಡಿಸಿದರು. 1998ರಲ್ಲಿ ಕಾರಣ ಸಿಕ್ಕಿತು. ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿಯುವ ಸಿ.ಡಿ.ಎಚ್-1 ಎಂಬ ವಂಶವಾಹಿ ಹುಟ್ಟಿನಿಂದಲೇ ಕೆಟ್ಟಿತ್ತು. ಇಂಥ ದೋಷವಿರುವ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಈಗ ಅಂಥ ಮನೆಗಳವರಿಗೆ ರಕ್ತ ಪರೀಕ್ಷೆಯಿಂದ ಯಾರಿಗೆ ಇದೆ, ಯಾರಿಗೆ ಇಲ್ಲ ಎಂದು ಮೊದಲೇ ತಿಳಿದು ಎಚ್ಚರಿಕೆ ವಹಿಸಲು ಸಾಧ್ಯವಾಗಿದೆ.

ಜಠರದ ಕ್ಯಾನ್ಸರ್‌ಗಳಲ್ಲಿ ಹೀಗೆ ನೇರವಾಗಿ ವಂಶದಲ್ಲಿ ಬರುವಂಥವು ನೂರರಲ್ಲಿ ಒಂದರಿಂದ ಮೂರು ಮಾತ್ರ. ಅನ್ನನಾಳದಲ್ಲಿ ಇನ್ನೂ ವಿರಳ. ಅಂಗೈ ಅಂಗಾಲು ದಪ್ಪಗಟ್ಟುವ ಟೈಲೋಸಿಸ್ ಎಂಬ ಅತಿ ಅಪರೂಪದ ಕಾಯಿಲೆಯ ಕೆಲವು ಮನೆತನಗಳಲ್ಲಿ ಅದು ಕಂಡುಬಂದಿದೆ. ಗುದ್ದಲಿ ಹಿಡಿದ ಕೈಯ ದಡ್ಡಿಗೂ ಇದಕ್ಕೂ ಸಂಬಂಧವಿಲ್ಲ, ಗಾಬರಿ ಬೇಡ.

ಹಾಗಾದರೆ ಯಾರು ವಂಶದ ವಿಷಯವನ್ನು ವೈದ್ಯರಿಗೆ ಹೇಳಬೇಕು? ಒಂದೇ ಕಡೆಯ ಹತ್ತಿರದ ರಕ್ತಸಂಬಂಧಿಗಳಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿಗೆ ಜಠರದ ಅಥವಾ ದೊಡ್ಡ ಕರುಳಿನ ಕ್ಯಾನ್ಸರ್ ಬಂದಿದ್ದರೆ, ಐವತ್ತು ತುಂಬುವ ಮೊದಲೇ ಯಾರಿಗಾದರೂ ಬಂದಿದ್ದರೆ, ಒಂದೇ ಮನೆಯಲ್ಲಿ ಜಠರದ ಕ್ಯಾನ್ಸರ್ ಜೊತೆಗೆ ಸ್ತನದ ಕ್ಯಾನ್ಸರ್ ಕೂಡ ಕಂಡಿದ್ದರೆ ಹೇಳಲೇಬೇಕು. ಇಲ್ಲಿ ಮುಚ್ಚಿಡುವುದರಿಂದ ಮಕ್ಕಳಿಗೇ ನಷ್ಟ.

ಮುದ್ದೆ ಕೊಡುವ ಮುನ್ಸೂಚನೆ

ಅನ್ನನಾಳ ಹಿಗ್ಗುವ ಸ್ವಭಾವದ್ದು. ಆದ್ದರಿಂದ ಗಂಟು ಚಿಕ್ಕದಿದ್ದಾಗ ಏನೂ ತಿಳಿಯುವುದಿಲ್ಲ. ದಾರಿ ಬಹಳಷ್ಟು ಕಿರಿದಾದ ಮೇಲೆಯೇ ಗಟ್ಟಿ ಆಹಾರ ನಿಲ್ಲತೊಡಗುತ್ತದೆ. ಆಮೇಲೆ ಮೆತ್ತನೆಯದು, ಕೊನೆಗೆ ನೀರು ಕೂಡ.

ಈ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಒಂದು ಅನುಕೂಲವಿದೆ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಅನ್ನ, ಚಪಾತಿಯನ್ನು ಅಗಿದು ನುಣ್ಣಗೆ ಮಾಡಿ ಇಳಿಸುವವರಿಗೆ ದಾರಿ ಕಿರಿದಾದದ್ದು ತಡವಾಗಿ ತಿಳಿಯಬಹುದು. ಇಡಿಯಾಗಿ ಇಳಿಯುವ ಮುದ್ದೆಯ ತುತ್ತು ಅದನ್ನು ಬೇಗ ಹೇಳುತ್ತದೆ. ನಲವತ್ತು ವರ್ಷ ಸಲೀಸಾಗಿ ಇಳಿದ ಮುದ್ದೆ ಈಗ ಎದೆಯಲ್ಲಿ ನಿಲ್ಲುತ್ತಿದೆ ಎಂದರೆ ಅದನ್ನು ಮುದ್ದೆಯ ತಪ್ಪೆಂದು ತಿಳಿದು ಅನ್ನಕ್ಕೆ ಇಳಿಯಬೇಡಿ. ಎರಡು ವಾರದೊಳಗೆ ವೈದ್ಯರ ಬಳಿ ಹೋಗಿ.

ಮನೆಯಲ್ಲಿ ಬಡಿಸುವವರಿಗೆ ಒಂದು ಕಿವಿಮಾತು. ಯಜಮಾನರು ತಾವಾಗಿ ಹೇಳುವುದಿಲ್ಲ. ತುತ್ತು ಚಿಕ್ಕದಾದದ್ದು, ಪ್ರತಿ ತುತ್ತಿಗೂ ನೀರು ಕೇಳುವುದು, ಊಟದ ಹೊತ್ತು ಉದ್ದವಾದದ್ದು, ಎಲ್ಲರ ಜೊತೆ ಕೂರಲು ಹಿಂಜರಿಯುವುದು, ಇವನ್ನು ಮೊದಲು ಗಮನಿಸುವವರು ನೀವೇ. ಜೊತೆಗೆ ಕಾರಣವಿಲ್ಲದೆ ತೂಕ ಇಳಿಯುವುದು, ನುಂಗುವಾಗ ಕೆಮ್ಮು ಬರುವುದು, ಧ್ವನಿ ಒಡೆಯುವುದು, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುವುದು, ರಕ್ತವಾಂತಿ, ಡಾಂಬರಿನಂತೆ ಕಪ್ಪಾದ ಮಲ, ಐವತ್ತರ ನಂತರ ಹೊಸದಾಗಿ ಕಾಣಿಸಿಕೊಂಡ ಹೊಟ್ಟೆಯುರಿ, ಇವು ಯಾವುದನ್ನೂ ಅಂಗಡಿ ಮಾತ್ರೆಯಿಂದ ಮುಚ್ಚಬೇಡಿ. ರಕ್ತಹೀನತೆಯಿಂದ ಬಿಳಿಚಿಕೊಂಡ ಹೆಂಗಸರಲ್ಲಿ ನುಂಗಲು ಕಷ್ಟವಾಗುತ್ತಿದ್ದರೆ ಅದಕ್ಕೂ ಪರೀಕ್ಷೆ ಬೇಕು. ಕಬ್ಬಿಣಾಂಶದ ಕೊರತೆ ಗಂಟಲಿನ ಕೆಳಭಾಗದ ಕ್ಯಾನ್ಸರ್‌ಗೆ ಹಾದಿ ಮಾಡುವುದುಂಟು. ಬಾಯಿ ಅಥವಾ ಗಂಟಲಿನ ಕ್ಯಾನ್ಸರ್‌ಗೆ ಒಮ್ಮೆ ಚಿಕಿತ್ಸೆ ಪಡೆದವರೂ ಅನ್ನನಾಳವನ್ನು ನೋಡಿಸಿಕೊಳ್ಳಬೇಕು. ಒಂದೇ ರಸ ಹರಿದ ದಾರಿಯಲ್ಲಿ ಒಂದಕ್ಕಿಂತ ಹೆಚ್ಚು ಕಡೆ ತಪ್ಪುಗಳು ಕೂಡಿರಬಹುದು.

ಪರೀಕ್ಷೆ ಎಂದರೆ ಹೆದರಬೇಡಿ

ಎಂಡೋಸ್ಕೋಪಿ ಎಂದರೆ ತುದಿಯಲ್ಲಿ ದೀಪ ಮತ್ತು ಕ್ಯಾಮೆರಾ ಇರುವ, ಬಾಗುವ ತೆಳು ಕೊಳವೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಗಂಟಲಿಗೆ ಮರಗಟ್ಟುವ ಔಷಧಿ ಹಾಕಿ ಒಳಗೆ ನೋಡುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಅನುಮಾನ ಬಂದರೆ ಚಿಟಿಕೆಯಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಚೂರು ತೆಗೆದರೆ ಕಾಯಿಲೆ ಹರಡುತ್ತದೆ ಎಂಬ ಮಾತಿಗೆ ಕಿವಿಗೊಡಬೇಡಿ. ಚೂರಿನ ಪರೀಕ್ಷೆ ಇಲ್ಲದೆ ಚಿಕಿತ್ಸೆ ಶುರುಮಾಡಲು ಸಾಧ್ಯವಿಲ್ಲ.

ಜಠರದ ಕ್ಯಾನ್ಸರ್ ಆದರೆ ಅದೇ ಚೂರಿನಲ್ಲಿ ಹರ್-2 ಮುಂತಾದ ತಪ್ಪುಗಳಿಗೂ ಪರೀಕ್ಷೆ ಮಾಡಿಸಲು ವೈದ್ಯರು ಹೇಳಬಹುದು. ಯಾವ ತೂಬು ಕೆಟ್ಟಿದೆ ಎಂದು ತಿಳಿದರೆ ಅದಕ್ಕೇ ಗುರಿಯಿಟ್ಟ ಔಷಧಿ ಕೊಡಬಹುದು. ಹರ್-2 ಹೆಚ್ಚಿರುವ, ಮುಂದುವರಿದ ಜಠರದ ಕ್ಯಾನ್ಸರ್‌ನಲ್ಲಿ ಟ್ರಾಸ್ಟುಜುಮ್ಯಾಬ್ ಎಂಬ ಔಷಧಿ ಆಯಸ್ಸನ್ನು ಹೆಚ್ಚಿಸುತ್ತದೆಂದು 2010ರಲ್ಲಿ ತಿಳಿದುಬಂತು. ಇದು ಗಂಟಿನ ಪರೀಕ್ಷೆ, ವಂಶದ ಪರೀಕ್ಷೆಯಲ್ಲ ಎಂಬುದು ನೆನಪಿರಲಿ. ಬೇಗ ಬಂದವರಲ್ಲಿ ಶಸ್ತ್ರಚಿಕಿತ್ಸೆ, ವಿಕಿರಣ, ಔಷಧಿಗಳಿಂದ ಗುಣವಾಗುವ ಅವಕಾಶವಿದೆ. ತಡವಾಗಿ ಬಂದವರಲ್ಲಿ ದಾರಿ ತೆರೆದಿಡುವುದೇ ದೊಡ್ಡ ಕೆಲಸವಾಗುತ್ತದೆ.

ಹೋಗುವುದೆಲ್ಲಿಗೆ? ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆಗೆ. ಅಲ್ಲಿಂದ ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆಗಾಗಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಗಾಗಲಿ ಹೋಗಬಹುದು. ನಾಗಮಂಗಲದವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ತಾಲ್ಲೂಕಿನಲ್ಲೇ ಇದೆ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವು ಸಿಗುತ್ತದೆ. ರೇಷನ್ ಕಾರ್ಡು, ಆಧಾರ್ ಜೊತೆಯಲ್ಲಿರಲಿ. ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ತಾಯಿಗೆ ಉತ್ತರ

ಬೀಡಿ, ಹೊಗೆಸೊಪ್ಪು ಬಿಟ್ಟರೆ ಆಗಲೇ ಆದ ತಪ್ಪುಗಳು ಅಳಿಸಿಹೋಗುವುದಿಲ್ಲ. ಆದರೆ ಹೊಸ ತಪ್ಪು ಸೇರುವುದು ನಿಲ್ಲುತ್ತದೆ, ವರ್ಷ ಕಳೆದಂತೆ ಅಪಾಯ ಇಳಿಯುತ್ತದೆ. ಆದ್ದರಿಂದ ಬಿಡಲು ಯಾವ ವಯಸ್ಸೂ ತಡವಲ್ಲ.

ಮತ್ತೆ ಆ ಮನೆಗೆ ಬರೋಣ. ಅಮ್ಮಾ, ನಿಮ್ಮ ಯಜಮಾನರ ಅನ್ನನಾಳದ ಗಂಟು ನಿಮ್ಮ ಮಗಳ ರಕ್ತದಲ್ಲಿಲ್ಲ. ಅವಳನ್ನು ಮನೆಗೆ ತಂದುಕೊಳ್ಳುವವರು ಈ ಕಾರಣಕ್ಕೆ ಹಿಂದೆಗೆಯಬೇಕಾಗಿಲ್ಲ. ಹಿಂದೆಗೆದರೆ ಅವರಿಗೆ ಈ ಬರಹವನ್ನು ಓದಲು ಕೊಡಿ. ನೀವು ಕಾಯಬೇಕಾದದ್ದು ಬೇರೆ ಇದೆ. ಅಪ್ಪನ ಹಾಗೆಯೇ ಸಂಜೆ ಹೊತ್ತು ಪಾನ್ ಮಸಾಲೆಯ ಪೊಟ್ಟಣ ಹರಿಯುತ್ತಿರುವ ಮಗನಿದ್ದಾನಲ್ಲ, ಅವನ ಕೈಯನ್ನು ಹಿಡಿಯಿರಿ. ಈ ಮನೆಯಲ್ಲಿ ತಂದೆಯಿಂದ ಮಗನಿಗೆ ದಾಟುತ್ತಿರುವುದು ಆ ಪೊಟ್ಟಣ.